ಪ್ಲೇಟಿನಲ್ಲಿ ಸತ್ತದ್ದು ಕೀವಿನಲ್ಲಿ ಯಾಕೆ ಬದುಕುತ್ತದೆ?

ಲ್ಯಾಬಿಗೆ ಹೊಸದಾಗಿ ಸೇರಿದ ಹುಡುಗಿ ಮೊನ್ನೆ ಒಂದು ಅಗಾರ್ ಪ್ಲೇಟ್ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿಯ ತಟ್ಟೆ) ಹಿಡಿದುಕೊಂಡು ಬಂದಳು. ಕೋ-ಟ್ರೈಮೊಕ್ಸಜೋಲ್ ಅಂದರೆ ಸಲ್ಫಾ ಮತ್ತು ಟ್ರೈಮೆಥೊಪ್ರಿಮ್ ಎಂಬ ಎರಡು ಔಷಧಿಗಳ ಜೋಡಿ. ಅದನ್ನು ಹೀರಿಸಿದ ಕಾಗದದ ಡಿಸ್ಕಿನ ಸುತ್ತ ಬ್ಯಾಕ್ಟೀರಿಯಾ ಬೆಳೆಯದೆ ವೃತ್ತ ತಿಳಿಯಾಗಿ ಕಾಣಬೇಕಿತ್ತು. ಕನ್ನಡಿಗೆ ಉಸಿರು ಬಿಟ್ಟ ಹಾಗೆ ಒಳಗೆಲ್ಲ ತೆಳ್ಳನೆ ಮಬ್ಬು. "ಸರ್, ಇದು ರೆಸಿಸ್ಟೆಂಟಾ?" ಅಂದರೆ, ಔಷಧಿಗೆ ಬಗ್ಗದ್ದಾ?

ನನಗೆ ಅನುಮಾನ ಬಂದದ್ದು ಅಗಾರ್ ಮೇಲೆ. ಅದನ್ನು ಪರೀಕ್ಷಿಸಲು ಎಂಟೆರೊಕಾಕಸ್ ಫೀಕಾಲಿಸ್ ಎಂಬ ಬ್ಯಾಕ್ಟೀರಿಯಾದ ಒಂದು ಗೊತ್ತಾದ ತಳಿ ಇದೆ. ಅಗಾರ್ ಸರಿ ಇದ್ದರೆ ಡಿಸ್ಕಿನ ಸುತ್ತ ಕನಿಷ್ಠ 20 ಮಿ.ಮೀ. ತಿಳಿ ವೃತ್ತ ಬರಬೇಕು. ಅಲ್ಲೂ ಮಬ್ಬೇ ಬಂತು. ಇಡೀ ಬ್ಯಾಚ್ ಪಕ್ಕಕ್ಕಿಟ್ಟೆವು.

ಆಗಿದ್ದು ಇಷ್ಟು. ನಮಗೆ ಫೋಲೇಟ್ (ಫೋಲಿಕ್ ಆಸಿಡ್) ಸೊಪ್ಪು, ಕಾಳಿನಿಂದ ಸಿಗುತ್ತದೆ. ಬಹುತೇಕ ಬ್ಯಾಕ್ಟೀರಿಯಾ ಅದನ್ನು ತಾವೇ ಮಾಡಿಕೊಳ್ಳಬೇಕು. ಸಲ್ಫಾ ಆ ಅಡುಗೆಯ ಒಂದು ಹಂತ ತಡೆಯುತ್ತದೆ, ಟ್ರೈಮೆಥೊಪ್ರಿಮ್ ಮುಂದಿನದನ್ನು. ಫೋಲೇಟ್ ಇಲ್ಲದಿದ್ದರೆ ಡಿಎನ್‌ಎ ಕಟ್ಟಲು ಬೇಕಾದ ಥೈಮಿಡಿನ್ ಇಲ್ಲ, ಅದಿಲ್ಲದೆ ಡಿಎನ್‌ಎ ಇಲ್ಲ. ಆದರೆ ಅಗಾರ್‌ನಲ್ಲೇ ಥೈಮಿಡಿನ್ ಬಿದ್ದಿದ್ದರೆ? ಮನೆಯಲ್ಲಿ ಹೆಪ್ಪು ಮುಗಿದರೆ ಪಕ್ಕದ ಮನೆಯಿಂದ ತರುತ್ತೇವಲ್ಲ, ಹಾಗೆ. ಕೀವಿನಲ್ಲೂ ಇದೇ ಕಥೆ. ಅಲ್ಲಿ ಒಡೆದ ಜೀವಕೋಶಗಳಿಂದ ಥೈಮಿಡಿನ್ ಬೇಕಾದಷ್ಟು ಸಿಗುತ್ತದೆ. ಕುರು ಕೊಯ್ದು ಕೀವು ತೆಗೆಯದೆ ಸುಮ್ನೆ ಮಾತ್ರೆ ನುಂಗಿಸಿದರೆ ಕೆಲಸ ಆಗದಿರುವುದಕ್ಕೆ ಇದೂ ಒಂದು ಕಾರಣ.

ಲ್ಯಾಬ್ ಉಲ್ಟಾ ದಾರಿ ತಪ್ಪಿಸಿದ್ದೂ ಉಂಟು. ಜರ್ಮನಿಯ ವಿಜ್ಞಾನಿ ಡೊಮಾಕ್ ಕಂಡುಕೊಂಡ ಪ್ರೊಂಟೊಸಿಲ್ ಎಂಬ ಕೆಂಪು ಬಣ್ಣ ಟೆಸ್ಟ್ ಟ್ಯೂಬಿನಲ್ಲಿ ಏನೂ ಮಾಡುತ್ತಿರಲಿಲ್ಲ, ಇಲಿಗಳನ್ನು ಮಾತ್ರ ಉಳಿಸುತ್ತಿತ್ತು. 1935ರಲ್ಲಿ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯವರು ಕಾರಣ ಹಿಡಿದರು. ಅದು ದೇಹದೊಳಗೆ ಒಡೆದು ಸಲ್ಫಾ ಹೊರಬರುತ್ತಿತ್ತು.

ಹೊಸ ಔಷಧಿ ಹುಡುಕುವವರಿಗೂ ಇದೇ ಪೇಚು. ಬ್ಯಾಕ್ಟೀರಿಯಾ ತನ್ನ ಪೊರೆಗೆ ಬೇಕಾದ ಕೊಬ್ಬಿನಾಮ್ಲ ತಯಾರಿಸುವುದನ್ನು ತಡೆದರೆ ಸಾಯುತ್ತದೆ ಅಂತ ಎಷ್ಟೋ ಕಡೆ ಪ್ರಯತ್ನ ನಡೆದಿತ್ತು. 2009ರಲ್ಲಿ ಫ್ರಾನ್ಸ್‌ನ ಸಂಶೋಧಕರು ಗ್ರೂಪ್ ಬಿ ಸ್ಟ್ರೆಪ್ಟೊಕಾಕಸನ್ನು ಮನುಷ್ಯರ ಸೀರಮ್‌ನಲ್ಲಿ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವದಲ್ಲಿ, ಬೆಳೆಸಿ ನೋಡಿದರು. ಅಡುಗೆಮನೆಗೆ ಬೀಗ ಹಾಕಿದರೂ ಅದು ನಮ್ಮ ರಕ್ತದ ಕೊಬ್ಬನ್ನೇ ಎತ್ತಿಕೊಂಡು ಬೆಳೆಯಿತು! ಎಲ್ಲ ಬ್ಯಾಕ್ಟೀರಿಯಾಗೂ ಈ ಚಾಳಿ ಇಲ್ಲ, ಆ ವಾದ ಆಮೇಲೂ ಜೋರಾಗಿ ನಡೆಯಿತು. ನನ್ನ ಮಟ್ಟಿಗೆ, ಸೀರಮ್ ಹಾಕದೆ ಮಾಡಿದ ಫಲಿತಾಂಶಕ್ಕೆ ಅರ್ಧ ಮಾರ್ಕ್ಸ್ ಅಷ್ಟೆ.

ಹಾಗಾದರೆ ಕಡ ಸಿಗದ ವಸ್ತು ಯಾವುದು? ಎಟಿಪಿ, ಅಂದರೆ ಜೀವಕೋಶದ ಇಂಧನ. ಕೆಲವು ಬ್ಯಾಕ್ಟೀರಿಯಾ ಬಿಟ್ಟರೆ ಪ್ರತಿ ಕೋಶವೂ ತನ್ನೊಳಗೇ ಮಾಡಿಕೊಳ್ಳಬೇಕು. ಬೆಡಾಕ್ವಿಲಿನ್ ಎಂಬ ಔಷಧಿ ಟಿಬಿ ರೋಗಾಣುವಿನಲ್ಲಿ ಎಟಿಪಿ ತಯಾರಿಸುವ ಯಂತ್ರವನ್ನೇ ನಿಲ್ಲಿಸುತ್ತದೆ. 2012ರ ಡಿಸೆಂಬರ್‌ನಲ್ಲಿ ಅಮೆರಿಕ ಅದಕ್ಕೆ ಒಪ್ಪಿಗೆ ಕೊಟ್ಟಿತು. ಮಲಗಿರುವ ರೋಗಾಣುವಿಗೂ ಚೂರು ಎಟಿಪಿ ಬೇಕೇ ಬೇಕು, ಆದ್ದರಿಂದ ಅದೂ ಸಾಯುತ್ತದೆ. ನಮ್ಮ ಜೀವಕೋಶಗಳಲ್ಲೂ ಅಂಥ ಯಂತ್ರ ಇದೆ, ಅಲ್ವಾ? ಇದೆ. ಅದನ್ನು ತಡೆಯಬೇಕಾದರೆ ಎಷ್ಟೋ ಪಟ್ಟು ಜಾಸ್ತಿ ಔಷಧಿ ಬೇಕು. ಹಾಗಂತ ಇದು ತೊಂದರೆಯೇ ಇಲ್ಲದ ಮಾತ್ರೆಯಲ್ಲ, ಹೃದಯದ ಲಯದ ಮೇಲೆ ಪರಿಣಾಮ ಆಗಬಹುದು ಎಂದು ಇಸಿಜಿ ನೋಡುತ್ತಿರುತ್ತಾರೆ.

ಟಿಬಿ ರೋಗಾಣು ಇದಕ್ಕೂ ದಾರಿ ಹುಡುಕಿದೆ. ಒಳಬಂದ ಔಷಧಿಯನ್ನು ಹೊರಹಾಕುವ ಪಂಪನ್ನು ಜಾಸ್ತಿ ಮಾಡಿಕೊಳ್ಳುತ್ತದೆ. ಅದಕ್ಕೇ ಬೆಡಾಕ್ವಿಲಿನ್ ಒಂದನ್ನೇ ಕೊಡುವುದಿಲ್ಲ. ಔಷಧಿಗೆ ಬಗ್ಗದ ಟಿಬಿಗೆ 2024ರಲ್ಲಿ ನಮ್ಮ ಸರ್ಕಾರ ಒಪ್ಪಿದ ಆರು ತಿಂಗಳ ಚಿಕಿತ್ಸೆಯಲ್ಲಿ ಅದರ ಜೊತೆ ಪ್ರೆಟೊಮನಿಡ್, ಲಿನೆಜೋಲಿಡ್, ಮಾಕ್ಸಿಫ್ಲಾಕ್ಸಸಿನ್ ಇವೆ.