ಕ್ಲೈವ್ ಲಾಯ್ಡ್: ನಾಲ್ಕು ವೇಗಿಗಳ ಲೆಕ್ಕಾಚಾರ ಎಲ್ಲಿಂದ ಬಂತು?

ಕ್ಲೈವ್ ಲಾಯ್ಡ್ ಬಗ್ಗೆ ಓದೋಕೆ ಕೂತರೆ ಎಲ್ಲ ಕಡೆ ಸಿಗುವುದು ಒಂದೇ ಮಾತು: ನಾಲ್ಕು ವೇಗಿಗಳನ್ನು, ಅಂದರೆ ವೇಗದ ಬೌಲರ್‌ಗಳನ್ನು, ಬಿಟ್ಟು ಎದುರಾಳಿಗಳ ನಿದ್ದೆ ಕೆಡಿಸಿದ ವೆಸ್ಟ್ ಇಂಡೀಸ್ ಕ್ರಿಕೆಟ್ ತಂಡದ ಕ್ಯಾಪ್ಟನ್. ತಪ್ಪಲ್ಲ. ಆದರೆ ಅಷ್ಟನ್ನೇ ಬರೆದುಕೊಂಡರೆ ಅವರ ನಾಯಕತ್ವ ಅರ್ಥವಾಗುವುದಿಲ್ಲ. ಆ ಯೋಚನೆ ಗಟ್ಟಿಯಾದದ್ದು ಎರಡು ದೊಡ್ಡ ಪೆಟ್ಟು ತಿಂದ ಮೇಲೆ, ಅದೂ ಆರೇ ತಿಂಗಳೊಳಗೆ. ಹಾಗಾಗಿ ಈ ಟಿಪ್ಪಣಿಯಲ್ಲಿ ಆ ಆರು ತಿಂಗಳಿಗೇ ಜಾಸ್ತಿ ಜಾಗ.

ಹಿನ್ನೆಲೆ ಬೇಗ ಮುಗಿಸೋಣ. ಹುಟ್ಟಿದ್ದು 1944ರ ಆಗಸ್ಟ್ 31ರಂದು, ಗಯಾನಾದ ಜಾರ್ಜ್‌ಟೌನ್‌ನಲ್ಲಿ. ಆಫ್ ಸ್ಪಿನ್ನರ್ ಲ್ಯಾನ್ಸ್ ಗಿಬ್ಸ್ ಹತ್ತಿರದ ಸಂಬಂಧಿ. ಶಾಲಾ ದಿನಗಳಲ್ಲಿ ಯಾರದೋ ಜಗಳ ಬಿಡಿಸಲು ಹೋಗಿ ಕಣ್ಣಿಗೆ ಸ್ಕೇಲಿನ ಏಟು ಬಿತ್ತು. ಅವರು ಹಾಕುತ್ತಿದ್ದ ದಪ್ಪ ಕನ್ನಡಕದ ಹಿಂದಿನ ಕಥೆ ಅದು. ಎತ್ತರದ ಆಳು, ಎಡಗೈ ಬ್ಯಾಟ್ಸ್‌ಮನ್, ಕೈಯಲ್ಲಿ ಭಾರದ ಬ್ಯಾಟು. ಮೊದಲ ಟೆಸ್ಟ್ ಆಡಿದ್ದು 1966ರ ಡಿಸೆಂಬರ್‌ನಲ್ಲಿ, ಮುಂಬೈಯ ಬ್ರಬೋರ್ನ್ ಮೈದಾನದಲ್ಲಿ. ನಮ್ಮ ಚಂದ್ರಶೇಖರ್ ಆ ಪಂದ್ಯದಲ್ಲಿ 11 ವಿಕೆಟ್ ಕಿತ್ತರು. ಅಂಥ ಬೌಲಿಂಗ್ ಎದುರು ಈ ಹೊಸ ಹುಡುಗ 82 ಮತ್ತು ಔಟಾಗದೆ 78 ಹೊಡೆದ.

ಕ್ಯಾಪ್ಟನ್ ಆಗಿ ಮೊದಲ ಟೆಸ್ಟ್ ಎಲ್ಲಿ ಗೊತ್ತಾ? ನಮ್ಮ ಬೆಂಗಳೂರಿನಲ್ಲಿ, 1974ರ ನವೆಂಬರ್. ಈಗಿನ ಚಿನ್ನಸ್ವಾಮಿ ಸ್ಟೇಡಿಯಂನ ಮೊಟ್ಟಮೊದಲ ಟೆಸ್ಟ್ ಕೂಡ ಅದೇ. ಗಾರ್ಡನ್ ಗ್ರೀನಿಜ್, ವಿವ್ ರಿಚರ್ಡ್ಸ್ ಇಬ್ಬರಿಗೂ ಅಲ್ಲೇ ಪದಾರ್ಪಣೆ. ಗ್ರೀನಿಜ್ 93 ಮತ್ತು 107 ಹೊಡೆದರೆ, ರಿಚರ್ಡ್ಸ್ ಎರಡೂ ಸಲ ಚಂದ್ರಶೇಖರ್‌ಗೆ ವಿಕೆಟ್ ಕೊಟ್ಟು 4 ಮತ್ತು 3ಕ್ಕೆ ಹೋದರು. ಲಾಯ್ಡ್ ಎರಡನೇ ಇನಿಂಗ್ಸ್‌ನಲ್ಲಿ 163 ಬಾರಿಸಿದರು. ಗೆಲುವಿನ ಅಂತರ 267 ರನ್. ಸರಣಿ 3-2ರಿಂದ ಅವರದಾಯಿತು.

1975ರ ಜೂನ್ 21, ಲಾರ್ಡ್ಸ್, ಮೊದಲ ವಿಶ್ವಕಪ್ ಫೈನಲ್. 50ಕ್ಕೆ 3 ವಿಕೆಟ್ ಬಿದ್ದಾಗ ಲಾಯ್ಡ್ ಬಂದರು, 85 ಎಸೆತಕ್ಕೆ 102 ಹೊಡೆದರು. ಇನ್ನೊಂದು ತುದಿಯಲ್ಲಿ ಅನುಭವಿ ರೋಹನ್ ಕನ್ಹಾಯ್ ಸುಮ್ನೆ ಕಾಯುತ್ತಾ ನಿಂತರು. ಆಸ್ಟ್ರೇಲಿಯಾ 17 ರನ್ನಿಂದ ಸೋತಿತು. ಅವರ ಐದು ಮಂದಿ ರನೌಟ್!

ಇಲ್ಲಿಂದ ನಿಧಾನವಾಗಿ ಓದಿ. ಅದೇ ವರ್ಷದ ಕೊನೆಗೆ ಲಾಯ್ಡ್ ತಂಡ ಆಸ್ಟ್ರೇಲಿಯಾಕ್ಕೆ ಹೋಯಿತು. ಅಲ್ಲಿನ ವೇಗಿಗಳಾದ ಲಿಲ್ಲಿ, ಥಾಮ್ಸನ್ ಜೋಡಿ ಬೆಂಕಿ ಉಗುಳಿತು. ವಿಶ್ವ ಚಾಂಪಿಯನ್ನರು 5-1ರಿಂದ ಸೋತು ಬಂದರು. ಬರೀ ವೇಗ ಒಂದು ಒಳ್ಳೆಯ ಬ್ಯಾಟಿಂಗ್ ತಂಡವನ್ನು ಹೇಗೆ ಮುರಿಯಬಲ್ಲದು ಎಂದು ಲಾಯ್ಡ್ ಹೊಡೆಸಿಕೊಳ್ಳುವ ಕಡೆ ನಿಂತು ನೋಡಿದರು.

ಎರಡನೇ ಪೆಟ್ಟು 1976ರ ಏಪ್ರಿಲ್‌ನಲ್ಲಿ, ಟ್ರಿನಿಡಾಡ್‌ನ ಪೋರ್ಟ್ ಆಫ್ ಸ್ಪೇನ್‌ನಲ್ಲಿ. ಚೆಂಡು ತಿರುಗುವ ಪಿಚ್ ಎಂದು ಲಾಯ್ಡ್ ಮೂವರು ಸ್ಪಿನ್ನರ್‌ಗಳನ್ನು ಆಡಿಸಿದರು: ಪ್ಯಾಡ್‌ಮೋರ್, ಜುಮದೀನ್, ಇಮ್ತಿಯಾಜ್ ಅಲಿ. ಧೈರ್ಯವಾಗಿ ಡಿಕ್ಲೇರ್ ಮಾಡಿ (ಇನಿಂಗ್ಸನ್ನು ತಾವೇ ಮುಗಿಸಿ) ಭಾರತಕ್ಕೆ 403ರ ಗುರಿ ಕೊಟ್ಟರು. ಗಾವಸ್ಕರ್ 102, ಭದ್ರಾವತಿಯ ಜಿ.ಆರ್. ವಿಶ್ವನಾಥ್ 112, ಮೊಹಿಂದರ್ 85. ಕೊನೆಗೆ ಬ್ರಿಜೇಶ್ ಪಟೇಲ್ ಔಟಾಗದೆ 49. ಭಾರತ ಗುರಿ ಮುಟ್ಟಿ ಗೆದ್ದೇಬಿಟ್ಟಿತು. ಬಿದ್ದ ನಾಲ್ಕು ವಿಕೆಟ್‌ನಲ್ಲಿ ಎರಡು ರನೌಟ್. ಅಂದರೆ ಮೂವರು ಸ್ಪಿನ್ನರ್ ಸೇರಿ ಕೊನೆಯ ಇನಿಂಗ್ಸ್‌ನಲ್ಲಿ ಕಿತ್ತದ್ದು ಎರಡೇ ವಿಕೆಟ್. ಯಾವ ಕ್ಯಾಪ್ಟನ್‌ಗೆ ತಲೆ ಕೆಡುವುದಿಲ್ಲ ಹೇಳಿ?

ಮುಂದಿನ ಟೆಸ್ಟ್ ಜಮೈಕಾದ ಸಬೀನಾ ಪಾರ್ಕ್‌ನಲ್ಲಿ. ಈ ಸಲ ನಾಲ್ವರು ವೇಗಿಗಳು: ಹೋಲ್ಡಿಂಗ್, ಡೇನಿಯಲ್, ಹೋಲ್ಡರ್, ಜೂಲಿಯನ್. ಗಾಯಕವಾಡ್‌ಗೆ ಕಿವಿಯ ಬಳಿ ಪೆಟ್ಟು, ಪಟೇಲ್‌ಗೆ ಬಾಯಿಗೆ, ವಿಶ್ವನಾಥ್‌ಗೆ ಬೆರಳಿಗೆ. ಭಾರತದ ಕ್ಯಾಪ್ಟನ್ ಬೇಡಿ ಮೊದಲ ಇನಿಂಗ್ಸನ್ನು 306ಕ್ಕೆ 6 ಇದ್ದಾಗಲೇ ಡಿಕ್ಲೇರ್ ಮಾಡಿದರು. ಎರಡನೇ ಇನಿಂಗ್ಸ್ 97ಕ್ಕೇ ಮುಗಿಯಿತು, ಗಾಯದಿಂದ ಐವರು ಬ್ಯಾಟ್ ಮಾಡಲೇ ಇಲ್ಲ. ಅಲ್ಲಿನ ಬೌನ್ಸರ್‌ಗಳು ಮಿತಿ ಮೀರಿದ್ದವು ಅಂತಲೇ ನನಗೂ ಅನಿಸುತ್ತದೆ. ಲಾಯ್ಡ್ ಅಭಿಮಾನಿಗಳು ಇದನ್ನು ಮುಚ್ಚಿಡಬೇಕಾಗಿಲ್ಲ.

ನಾಲ್ವರೇ ಯಾಕೆ? ಇಬ್ಬರೇ ವೇಗಿಗಳಿದ್ದರೆ ಅವರು ದಣಿದಾಗ ಬ್ಯಾಟ್ಸ್‌ಮನ್ ಉಸಿರು ಬಿಡುತ್ತಾನೆ, ರನ್ನೂ ಮಾಡಿಕೊಳ್ಳುತ್ತಾನೆ. ನಾಲ್ವರಿದ್ದರೆ ಒಂದು ಜೋಡಿ ಹೋದರೆ ಇನ್ನೊಂದು ರೆಡಿ. ಸಂಜೆಯ ಕೊನೆಯ ಗಂಟೆಯಲ್ಲೂ ಬಿಡುವಿಲ್ಲ. ಜೊತೆಗೆ ಉದ್ದ ರನಪ್‌ನಿಂದ ಓವರ್ ನಿಧಾನ, ದಿನಕ್ಕೆ ಸಿಗುವ ಎಸೆತಗಳೇ ಕಡಿಮೆ. ಟೀಕೆ ಬಂದದ್ದು ಇದಕ್ಕೂ ಹೌದು. ಹಾಗಂತ ಇದು ಸುಲಭದ ದಾರಿ ಅನ್ನಬೇಡಿ. ರಾಬರ್ಟ್ಸ್, ಹೋಲ್ಡಿಂಗ್, ಕ್ರಾಫ್ಟ್, ಗಾರ್ನರ್ ನಾಲ್ವರೂ ಒಂದೊಂದು ಬಗೆ. ಯಾರಿಗೆ ಯಾವ ತುದಿ, ಯಾವಾಗ ಎಂದು ತೂಗುವುದು ಕ್ಯಾಪ್ಟನ್ ಕೆಲಸ.

ಇನ್ನೂ ಕಷ್ಟದ ಕೆಲಸ ಮೈದಾನದ ಹೊರಗಿತ್ತು. ವೆಸ್ಟ್ ಇಂಡೀಸ್ ಒಂದು ದೇಶವಲ್ಲ. ಜಮೈಕಾ, ಬಾರ್ಬಡೋಸ್, ಆಂಟಿಗ, ಟ್ರಿನಿಡಾಡ್, ಜೊತೆಗೆ ದಕ್ಷಿಣ ಅಮೆರಿಕದ ನೆಲದ ಮೇಲಿರುವ ಗಯಾನಾ. ಪ್ರತಿ ಕಡೆಯವರಿಗೂ ತಮ್ಮ ಹುಡುಗ ಆಡಬೇಕು. 1978ರಲ್ಲಿ ಆಸ್ಟ್ರೇಲಿಯಾದ ಉದ್ಯಮಿ ಕೆರ್ರಿ ಪ್ಯಾಕರ್ ನಡೆಸಿದ ಖಾಸಗಿ ಸರಣಿಗೆ ಸಹಿ ಹಾಕಿದ ಕೆಲವರನ್ನು ಆಯ್ಕೆಗಾರರು ಕೈಬಿಟ್ಟಾಗ ಲಾಯ್ಡ್ ನಾಯಕತ್ವಕ್ಕೇ ರಾಜೀನಾಮೆ ಕೊಟ್ಟರು. ಆಟಗಾರರು ಅವರ ಹಿಂದೆ ನಿಂತದ್ದು ಸುಮ್ನೆ ಅಲ್ಲ ಅಲ್ವಾ?

ಉಳಿದದ್ದು ಚಿಕ್ಕದಾಗಿ. 1979ರಲ್ಲಿ ಅವರೇ ಮತ್ತೆ ನಾಯಕರಾಗಿ ವಿಶ್ವಕಪ್ ಗೆದ್ದರು. 1983ರ ಫೈನಲ್‌ನಲ್ಲಿ ಭಾರತದ 183 ಬೆನ್ನಟ್ಟುವಾಗ ಲಾಯ್ಡ್ ಬೆಂಗಳೂರಿನ ರೋಜರ್ ಬಿನ್ನಿ ಎಸೆತದಲ್ಲಿ ಕಪಿಲ್‌ಗೆ ಕ್ಯಾಚ್ ಕೊಟ್ಟು 8ಕ್ಕೆ ಔಟ್. ಅದೇ ವರ್ಷದ ಕೊನೆಗೆ ಭಾರತಕ್ಕೆ ಬಂದು ಟೆಸ್ಟ್ ಸರಣಿ 3-0. 1984ರಲ್ಲಿ ಇಂಗ್ಲೆಂಡ್ ನೆಲದಲ್ಲೇ ಇಂಗ್ಲೆಂಡ್ ವಿರುದ್ಧ 5-0.

ನೆನಪಿಡಬೇಕಾದ ಅಂಕಿಗಳು: 110 ಟೆಸ್ಟ್, 7515 ರನ್, 19 ಶತಕ. ನಾಯಕನಾಗಿ 74 ಟೆಸ್ಟ್, 36 ಗೆಲುವು, 12 ಸೋಲು. ಆ ಸೋಲುಗಳಲ್ಲಿ ಕೊನೆಯದು ಅವರ ಕೊನೆಯ ಟೆಸ್ಟೇ, 1985ರ ಆರಂಭದಲ್ಲಿ ಸಿಡ್ನಿಯಲ್ಲಿ. ಲಾಯ್ಡ್ 72 ಹೊಡೆದರೂ ತಂಡ ಇನಿಂಗ್ಸ್ ಸೋಲು ಕಂಡಿತು. 10 ವಿಕೆಟ್ ಕಿತ್ತದ್ದು ಬಾಬ್ ಹಾಲೆಂಡ್ ಎಂಬ ಲೆಗ್ ಸ್ಪಿನ್ನರ್.