ಕೋಡ್ ಯಾರೂ ಮುಟ್ಟಿಲ್ಲ, ಆದರೂ ಟೆಸ್ಟ್ ಫೇಲ್ ಯಾಕೆ?

ಪ್ರಶ್ನೆ: ಮಣಿಪಾಲದ ಸಣ್ಣ ಕಂಪೆನಿಯೊಂದರಲ್ಲಿ ಟೆಸ್ಟರ್ ಆಗಿದ್ದೇನೆ. ನಮ್ಮ ಸೆಲೆನಿಯಮ್ (ಬ್ರೌಸರನ್ನು ತಾನಾಗಿ ಓಡಿಸಿ ವೆಬ್ ಪುಟ ಪರೀಕ್ಷಿಸುವ ಸಾಧನ) ಟೆಸ್ಟ್‌ಗಳು ಸಂಜೆ ಲ್ಯಾಪ್‌ಟಾಪಿನಲ್ಲಿ ಪಾಸ್, ರಾತ್ರಿ ಸರ್ವರ್‌ನಲ್ಲಿ ಫೇಲ್. ಸ್ಲೀಪ್, ಅಂದರೆ ಟೆಸ್ಟ್ ಸುಮ್ಮನೆ ನಿಂತು ಕಾಯುವ ಸಮಯ, 5 ಸೆಕೆಂಡಿಗೆ ಏರಿಸಿದರೂ ಹೀಗೇ. ಏನು ಮಾಡಲಿ?

ಉತ್ತರ: ಮೊದಲು ಆ ಸ್ಲೀಪ್ ತೆಗೆಯಿರಿ. (ನಾನೂ ಸ್ಲೀಪ್ ಏರಿಸಿ ನಿಶ್ಚಿಂತೆಯಿಂದ ಮನೆಗೆ ಹೋದವನೇ, ಬಿಡಿ.)

ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ಉಡುಪಿ ಎಕ್ಸ್‌ಪ್ರೆಸ್‌ಗೆ ಕಾಯುವವರನ್ನು ನೋಡಿದ್ದೀರಲ್ಲ? ಐದು ನಿಮಿಷ ಆಯಿತು ಅಂತ ಯಾರೂ ಕಣ್ಣು ಮುಚ್ಚಿ ಕಾಲೆತ್ತುವುದಿಲ್ಲ. ಬಸ್ ಬಂತಾ, ಬೋರ್ಡ್ ಯಾವುದು ಅಂತ ನೋಡಿ ಹತ್ತುತ್ತಾರೆ. ಸ್ಲೀಪ್ ಇಟ್ಟ ಟೆಸ್ಟ್ ಮಾತ್ರ ಕಣ್ಣು ಮುಚ್ಚಿಯೇ ಕಾಲೆತ್ತುತ್ತದೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ 2 ಸೆಕೆಂಡಿಗೆ ಬರುವ ಪುಟಕ್ಕೆ, ಹತ್ತು ಕೆಲಸ ಒಟ್ಟಿಗೆ ಓಡುವ ಸರ್ವರ್‌ನಲ್ಲಿ 6 ಸೆಕೆಂಡ್ ಬೇಕಾದೀತು. ಬಟನ್ ಬರುವ ಮೊದಲೇ ಟೆಸ್ಟ್ ಅದನ್ನು ಹುಡುಕಿ, ಸಿಗಲಿಲ್ಲ ಅಂತ ಕೈಚೆಲ್ಲುತ್ತದೆ.

ಹಾಗಂತ 10 ಸೆಕೆಂಡಿಗೆ ಏರಿಸಿದರೆ ಪುಟ ಬೇಗ ಬಂದ ದಿನವೂ ಸುಮ್ನೆ ಕಾಯಬೇಕು. 60 ಟೆಸ್ಟ್, ಒಂದೊಂದರಲ್ಲಿ 4 ಕಡೆ 5 ಸೆಕೆಂಡ್ ಅಂದರೂ 20 ನಿಮಿಷ ಹೋಯಿತು.

ಸೆಲೆನಿಯಮ್‌ನಲ್ಲಿ ಇದಕ್ಕೆ ವೆಬ್‌ಡ್ರೈವರ್‌ವೇಟ್ ಇದೆ. ‘ಹೆಚ್ಚೆಂದರೆ 15 ಸೆಕೆಂಡ್ ಕಾಯಿ, ಬಟನ್ ಒತ್ತುವಂತಾದ ಕೂಡಲೇ ಮುಂದೆ ಹೋಗು’ ಅನ್ನಬಹುದು. ಅದು ಅರ್ಧ ಸೆಕೆಂಡಿಗೊಮ್ಮೆ ಇಣುಕಿ ನೋಡುತ್ತದೆ. ಆದರೆ ಬಟನ್ ಕಂಡ ಮಾತ್ರಕ್ಕೆ ಮುಗಿಯಲಿಲ್ಲ. ಅದರ ಮೇಲೆ ಲೋಡಿಂಗ್ ಚಕ್ರ ತಿರುಗುತ್ತಿದ್ದರೆ ಕ್ಲಿಕ್ ತಾಗುವುದು ಚಕ್ರಕ್ಕೆ. ಚಕ್ರ ಮಾಯವಾಗುವ ತನಕವೂ ಕಾಯಲು ಹೇಳಬೇಕು. ಎಲ್ಲ ಹುಡುಕಾಟಕ್ಕೂ ಒಂದೇ ಕಾಯುವ ಮಿತಿ ಇಡುವ ಇಂಪ್ಲಿಸಿಟ್ ವೇಟನ್ನು ಇದರ ಜೊತೆ ಬೆರೆಸಬೇಡಿ, ಕಾಯುವ ಲೆಕ್ಕವೇ ತಪ್ಪುತ್ತದೆ.

2020ರಲ್ಲಿ ಬಂದ, ಸೆಲೆನಿಯಮ್‌ನಂಥದೇ ಇನ್ನೊಂದು ಸಾಧನ ಪ್ಲೇರೈಟ್, ಕ್ಲಿಕ್‌ಗೆ ಮೊದಲು ಇದನ್ನೆಲ್ಲ ತಾನೇ ನೋಡಿಕೊಳ್ಳುತ್ತದೆ. ಹೊಸ ಪ್ರಾಜೆಕ್ಟ್ ಆದರೆ ನಾನು ಅದನ್ನೇ ಹಿಡಿಯುತ್ತೇನೆ. ನೂರಾರು ಟೆಸ್ಟ್ ಆಗಲೇ ಇದ್ದರೆ ಇದೊಂದಕ್ಕಾಗಿ ಎಲ್ಲ ಮತ್ತೆ ಬರೆಯುವುದು ದಂಡ.

ಇಷ್ಟಾದ ಮೇಲೂ ಬೀಳುವ ಟೆಸ್ಟನ್ನು ಒಂಟಿಯಾಗಿ 20 ಸಲ ಓಡಿಸಿ. ಇಪ್ಪತ್ತೂ ಪಾಸ್ ಆದರೆ ಅನುಮಾನ ಡೇಟಾದ ಮೇಲೆ. ಒಂದೇ ಲಾಗಿನ್‌ನಲ್ಲಿ ಎರಡು ಟೆಸ್ಟ್ ಓಡುತ್ತಾ, ಒಂದು ಟೆಸ್ಟ್ ತುಂಬಿದ ಶಾಪಿಂಗ್ ಕಾರ್ಟನ್ನು ಇನ್ನೊಂದು ಖಾಲಿ ಮಾಡುತ್ತಿರಬಹುದು ಅಲ್ವಾ? ಟೆಸ್ಟಿಗೊಂದು ಲಾಗಿನ್ ಕೊಡಿ.

‘ಮೂರು ಸಲ ಓಡಿಸು, ಒಮ್ಮೆ ಪಾಸಾದರೆ ಸಾಕು’ ಎಂಬ ಉಪಾಯ ಯಾರಾದರೂ ಹೇಳಿಯೇ ಹೇಳುತ್ತಾರೆ. ನನಗದು ಇಷ್ಟವಿಲ್ಲ. ಬಟನ್ ನಿಜವಾಗಿಯೂ ಮೂರರಲ್ಲಿ ಒಮ್ಮೆ ಕೈಕೊಡುತ್ತಿದ್ದರೆ ಅದು ಗ್ರಾಹಕರ ಕೈಯಲ್ಲೂ ಕೊಡುತ್ತದೆ. ಅದರ ಬದಲು ಫೇಲ್ ಆದ ಕ್ಷಣದ ಸ್ಕ್ರೀನ್‌ಶಾಟ್ ತಾನಾಗಿ ಉಳಿಯುವಂತೆ ಮಾಡಿ. ಬೆಳಗ್ಗೆ ಚಹಾ ಕುಡಿಯುತ್ತಾ ನೋಡಿದರೂ ಗೊತ್ತಾಗುತ್ತದೆ, ಚಕ್ರ ಇನ್ನೂ ತಿರುಗುತ್ತಿತ್ತಾ ಇಲ್ಲವಾ ಅಂತ.