ಮಲಗಿದಾಗ ವಾಲುವ ಬಾಗಿಲು

ಈ ಪ್ರಯೋಗಕ್ಕೆ ದುಡ್ಡು ಬೇಡ, ಉಪಕರಣವೂ ಬೇಡ. ರಾತ್ರಿ ಮಲಗುವ ಕೋಣೆಯ ದೀಪ ಆರಿಸಿ, ಕಿಟಕಿಯ ಪರದೆ ಎಳೆಯಿರಿ. ಬಾಗಿಲನ್ನು ಒಂಚೂರೇ ಚೂರು ತೆರೆದಿಟ್ಟು, ಆಚೆ ಹಾಲ್‌ನ ದೀಪ ಉರಿಯಲು ಬಿಡಿ. ಕತ್ತಲಲ್ಲಿ ಮೇಲಿಂದ ಕೆಳಗೆ ಒಂದೇ ಒಂದು ಬೆಳಕಿನ ಗೆರೆ ಕಾಣಬೇಕು. ಈಗ ಅತ್ತ ಮುಖ ಮಾಡಿ ಮಗ್ಗುಲಾಗಿ ಮಲಗಿ, ಎರಡು ಮೂರು ನಿಮಿಷ ಆ ಗೆರೆಯನ್ನೇ ನೋಡಿ.

ನನಗೆ ಮೊದಲ ಸಲ ಇದು ಕಂಡಾಗ ಬಡಗಿಯ ಮೇಲೆ ಅನುಮಾನ ಬಂತು. ಗೆರೆಯ ಮೇಲ್ತುದಿ ನನ್ನ ಕಾಲಿನ ಕಡೆ ವಾಲಿತ್ತು. ಎದ್ದು ಕೂತೆ, ನೆಟ್ಟಗಾಯಿತು. ಮತ್ತೆ ಮಲಗಿದೆ, ಸ್ವಲ್ಪ ಹೊತ್ತಿಗೆ ಮತ್ತೆ ವಾಲಿತು. ದೀಪ ಹಾಕಿದರೆ ಎಲ್ಲ ಸರಿ.

ಬಡಗಿಯ ತಪ್ಪೇನೂ ಇರಲಿಲ್ಲ. ಜರ್ಮನ್ ವಿಜ್ಞಾನಿ ಹರ್ಮನ್ ಆಬರ್ಟ್ 1861ರಲ್ಲೇ ಇದನ್ನು ಬರೆದಿಟ್ಟಿದ್ದಾರೆ. ಕತ್ತಲ ಕೋಣೆಯಲ್ಲಿ ತಲೆ ಓರೆ ಮಾಡಿದರೆ ನೆಟ್ಟಗಿನ ಬೆಳಕಿನ ಗೆರೆ ಎದುರು ದಿಕ್ಕಿಗೆ ವಾಲಿದಂತೆ ಕಾಣುತ್ತದೆ. ಇದಕ್ಕೆ ಆಬರ್ಟ್ ಪರಿಣಾಮ ಎಂದೇ ಹೆಸರು. ಪೂರ್ತಿ ಮಗ್ಗುಲಾಗಿ ಮಲಗಿದವರ ಕೈಗೆ ಗೆರೆ ತಿರುಗಿಸುವ ಗುಂಡಿ ಕೊಟ್ಟು 'ನೆಟ್ಟಗೆ ನಿಲ್ಲಿಸಿ' ಎಂದರೆ ಅನೇಕರು 20–30 ಡಿಗ್ರಿ ತಪ್ಪುತ್ತಾರೆ. ಮಜಾ ಏನೆಂದರೆ, 'ನೀವು ಎಷ್ಟು ಓರೆಯಾಗಿದ್ದೀರಿ?' ಎಂದು ಅವರನ್ನೇ ಕೇಳಿದರೆ ಉತ್ತರ ಹೆಚ್ಚುಕಡಿಮೆ ಸರಿಯಾಗಿರುತ್ತದೆ. ಮೈ ಮಲಗಿದೆ ಅಂತ ಗೊತ್ತು. ಆದರೂ ಗೆರೆ ವಾಲುತ್ತದೆ. ಒಂದೇ ತಲೆಯೊಳಗೆ ಎರಡು ಲೆಕ್ಕ!

ಮೇಲೆ ಯಾವುದು, ಕೆಳಗೆ ಯಾವುದು ಎಂದು ನೇರವಾಗಿ ಹೇಳುವ ಅಂಗ ನಮ್ಮಲ್ಲಿ ಇಲ್ಲ. ಗಾರೆ ಕೆಲಸದವರು ದಾರಕ್ಕೆ ಕಟ್ಟಿ ಇಳಿಬಿಡುವ ಗುಂಡಿನಂಥದ್ದು ಒಂದಿದೆ, ಅದೂ ಅಷ್ಟು ನಂಬಿಕಸ್ತನಲ್ಲ. ಒಳಕಿವಿಯಲ್ಲಿ ಅಂಟಂಟಾದ ಒಂದು ಪದರ, ಅದರ ಮೇಲೆ ಪುಡಿ ಉದುರಿಸಿದಂತೆ ಸಣ್ಣ ಹರಳುಗಳು. ಕ್ಯಾಲ್ಸಿಯಂ ಕಾರ್ಬೋನೇಟ್, ಅಂದರೆ ಮೊಟ್ಟೆಯ ಓಡಿನಲ್ಲಿರುವ ಅದೇ ಸುಣ್ಣದ ವಸ್ತು. ತಲೆ ವಾಲಿದರೆ ಹರಳುಗಳ ಭಾರಕ್ಕೆ ಪದರ ಜಾರುತ್ತದೆ, ಕೆಳಗಿನ ರೋಮಗಳು ಬಾಗುತ್ತವೆ, ನರಕ್ಕೆ ಸುದ್ದಿ ಹೋಗುತ್ತದೆ.

ತೊಂದರೆ ಎಲ್ಲಿದೆ ಅಂದರೆ, ಬಸ್ಸು ಗಕ್ಕನೆ ಬ್ರೇಕ್ ಹಾಕಿದಾಗಲೂ ಆ ಪದರ ಜಾರುತ್ತದೆ. ವಾಲಿದ್ದೋ ವೇಗ ಬದಲಾಗಿದ್ದೋ ಹರಳಿಗೆ ತಿಳಿಯುವುದಿಲ್ಲ. ಗುರುತ್ವವನ್ನೂ ವೇಗೋತ್ಕರ್ಷವನ್ನೂ ಬೇರೆ ಮಾಡಿ ಅಳೆಯಲಾಗದು ಎಂದ ಐನ್‌ಸ್ಟೈನ್ ಮಾತು ಪಾಪ, ಕಿವಿಗೂ ಅನ್ವಯಿಸುತ್ತದೆ.

ಹಾಗಾಗಿ ಮೆದುಳು ಹತ್ತು ಕಡೆ ವಿಚಾರಿಸುತ್ತದೆ. ತಲೆ ತಿರುಗಿದ್ದನ್ನು ಹೇಳುವ ಅರ್ಧವೃತ್ತ ನಾಳಗಳು, ಕುತ್ತಿಗೆಯ ಸ್ನಾಯು, ಅಂಗಾಲಿನ ಚರ್ಮ, ಕಣ್ಣಿಗೆ ಕಾಣುವ ಗೋಡೆ, ಕಂಬ. ಹೊಟ್ಟೆಯೊಳಗಿನ ಅಂಗಗಳ ಭಾರವೂ ಈ ಲೆಕ್ಕದಲ್ಲಿದೆ. ಮೂತ್ರಪಿಂಡಗಳಿಗೂ ಇದರಲ್ಲಿ ಪಾತ್ರವಿದೆ ಎಂದು ಜರ್ಮನಿಯ ಹೋರ್ಸ್ಟ್ ಮಿಟ್ಟೆಲ್‌ಸ್ಟೆಡ್ ವಾದಿಸಿದ್ದರು. ಇದೆಲ್ಲ ಸಾಲದು ಅಂತ ಮೆದುಳು ತನ್ನದೂ ಒಂದು ಸೇರಿಸುತ್ತದೆ: 'ತಲೆ ಸಾಮಾನ್ಯವಾಗಿ ನೆಟ್ಟಗೇ ಇರುತ್ತದೆ.' ತಕ್ಕಡಿಯ ಮುಳ್ಳು ಅಲುಗಾಡುತ್ತಿದ್ದರೆ ಅಂಗಡಿಯವನು ಮುಳ್ಳನ್ನೂ ನೋಡುತ್ತಾನೆ, ಕೈ ಅಂದಾಜನ್ನೂ ಬೆರೆಸುತ್ತಾನೆ, ಅಲ್ವಾ? ಹಾಗೆಯೇ ಇದು. ದಿನದ ಬಹುಪಾಲು ನಾವು ನಿಂತೋ ಕೂತೋ ಇರುವುದರಿಂದ ಈ ಅಂದಾಜು ಸರಿಹೋಗುತ್ತದೆ, ಲೋಕ ಅಲುಗದೆ ನಿಲ್ಲುತ್ತದೆ. ಮಲಗಿದಾಗ ಮಾತ್ರ ಅದೇ ಅಂದಾಜು ಕೈ ಕೊಡುತ್ತದೆ. ನನ್ನ ತಲೆ 90 ಡಿಗ್ರಿ ವಾಲಿದ್ದರೂ ನೋಟದ ಲೆಕ್ಕ ಅದನ್ನು 65–70ಕ್ಕೆ ಇಳಿಸಿಬಿಟ್ಟಿತು ಅನ್ನಿ. ಉಳಿದ ಓರೆಯನ್ನು ಪಾಪದ ಬಾಗಿಲ ತಲೆಗೆ ಕಟ್ಟಿತು.

ದೀಪ ಹಾಕಿದ ಕೂಡಲೇ ಗೋಡೆ, ಬೀರು, ಕಿಟಕಿ ಸಾಕ್ಷಿಗೆ ಬಂದವು. ಈ ಸಾಕ್ಷಿಗಳೂ ಸುಳ್ಳು ಹೇಳಬಲ್ಲವು. 1948ರಲ್ಲಿ ವಿಟ್ಕಿನ್ ಮತ್ತು ಆಶ್ ಎಂಬ ಅಮೆರಿಕದ ಮನೋವಿಜ್ಞಾನಿಗಳು ಕತ್ತಲಲ್ಲಿ ಹೊಳೆಯುವ ಚೌಕಟ್ಟನ್ನು ಓರೆ ಮಾಡಿಟ್ಟು, ಒಳಗಿನ ಕೋಲನ್ನು ನೆಟ್ಟಗೆ ನಿಲ್ಲಿಸಲು ಹೇಳಿದರು. ಅನೇಕರು ಕೋಲನ್ನು ಚೌಕಟ್ಟಿನ ಕಡೆಗೇ ವಾಲಿಸಿದರು. ಕೆಲವರು ಜಾಸ್ತಿ, ಕೆಲವರು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಲೇಹ್ ಬಳಿಯ ಮ್ಯಾಗ್ನೆಟಿಕ್ ಹಿಲ್‌ನಲ್ಲಿ ಕಾರು ಏರಿನ ಕಡೆ ತಾನಾಗಿ ಉರುಳಿದಂತೆ ಕಾಣುವುದೂ ಸುತ್ತಲ ಬೆಟ್ಟಗಳು ಕಣ್ಣಿಗೆ ಮಾಡುವ ಇಂಥದೇ ಮೋಸ. ಅಯಸ್ಕಾಂತ ಗಿಯಸ್ಕಾಂತ ಏನೂ ಇಲ್ಲ.

ಹಾಸಿಗೆಯಲ್ಲಿ ಇದು ತಮಾಷೆ. ಆಕಾಶದಲ್ಲಿ ಅಲ್ಲ. ವಿಮಾನ ಹದವಾಗಿ ತಿರುಗುವಾಗ ಒಟ್ಟು ಬಲ ನೇರ ನೆಲಹಾಸಿನ ಕಡೆಗೇ ಒತ್ತುತ್ತದೆ. ಲೋಟದ ನೀರು ಲೋಟದಲ್ಲೇ ಇರುತ್ತದೆ, ಕಿವಿಯ ಹರಳೂ 'ನೆಟ್ಟಗಿದ್ದೇವೆ' ಅನ್ನುತ್ತದೆ. ಕಿಟಕಿಯಾಚೆ ಕತ್ತಲಾದರೆ ಉಳಿಯುವುದು ಮುಂದಿನ ಉಪಕರಣ ಒಂದೇ. 1978ರ ಜನವರಿ 1ರ ರಾತ್ರಿ ಮುಂಬೈನಿಂದ ದುಬೈಗೆ ಹೊರಟ ಏರ್ ಇಂಡಿಯಾದ 'ಎಂಪರರ್ ಅಶೋಕ' ಜಂಬೋ ಜೆಟ್‌ನಲ್ಲಿ, ವಿಮಾನದ ಓರೆ ತೋರಿಸುವ ಕ್ಯಾಪ್ಟನ್‌ನ ಉಪಕರಣವೇ ಕೈಕೊಟ್ಟಿತು. ವಿಮಾನ ಸಮವಾಗಿದ್ದಾಗಲೂ ಅದು ಬಲಕ್ಕೆ ವಾಲಿದೆ ಎಂದು ತೋರಿಸಿತು. ಅವರು ಎಡಕ್ಕೆ ತಿರುಗಿಸುತ್ತಲೇ ಹೋದರು. ಕೆಳಗೆ ಕಪ್ಪು ಸಮುದ್ರ, ಕಣ್ಣಿಗೆ ಆಧಾರವಾಗಲು ದಿಗಂತದ ಗೆರೆಯೂ ಇರಲಿಲ್ಲ. ಹೊರಟು ಎರಡು ನಿಮಿಷ ತುಂಬುವ ಮೊದಲೇ ವಿಮಾನ ಅರಬ್ಬಿ ಸಮುದ್ರಕ್ಕೆ ಬಿತ್ತು. ಒಳಗಿದ್ದ 213 ಜನರಲ್ಲಿ ಯಾರೂ ಉಳಿಯಲಿಲ್ಲ.

ತಲೆಯೊಳಗೆ ಎರಡು ಲೆಕ್ಕ ಅಂದೆನಲ್ಲ, ಅದು ಅತಿ ಸ್ಪಷ್ಟವಾಗಿ ಕಾಣುವುದು ಪಾರ್ಶ್ವವಾಯು ಆದ ಕೆಲವರಲ್ಲಿ. ಅವರನ್ನು ನೆಟ್ಟಗೆ ಕೂರಿಸಿದರೆ 'ಬೀಳ್ತೀನಿ' ಎಂದು ಹೆದರುತ್ತಾರೆ. ಚೆನ್ನಾಗಿರುವ ಕೈಯಿಂದಲೇ ಮಂಚ ಒತ್ತಿ, ಸೋತ ಮಗ್ಗುಲಿಗೆ ತಮ್ಮನ್ನು ತಾವೇ ದಬ್ಬಿಕೊಳ್ಳುತ್ತಾರೆ. ಸರಿಪಡಿಸಲು ಹೋದವರ ಜೊತೆ ಗುದ್ದಾಡುತ್ತಾರೆ. ಮನೆಯವರಿಗೆ ಇದು ಹಟದಂತೆ ಕಾಣುತ್ತದೆ, ಆದರೆ ಹಟವಲ್ಲ. ಜರ್ಮನಿಯ ನರವಿಜ್ಞಾನಿ ಕಾರ್ನಾತ್ ಮತ್ತು ಸಂಗಡಿಗರು 2000ದಲ್ಲಿ ಇಂಥ ರೋಗಿಗಳನ್ನು ವಾಲುವ ಕುರ್ಚಿಯಲ್ಲಿ ಕೂರಿಸಿ ನೋಡಿದರು. ಮೈ ಸುಮಾರು 18 ಡಿಗ್ರಿ ಓರೆಯಾದಾಗ ಅವರಿಗೆ 'ಈಗ ನೆಟ್ಟಗಿದ್ದೇನೆ' ಅನ್ನಿಸಿತು. ಬೆಳಕಿನ ಗೆರೆ ಕೊಟ್ಟರೆ ಮಾತ್ರ ಅದನ್ನು ಹೆಚ್ಚುಕಡಿಮೆ ಸರಿಯಾಗಿಯೇ ನಿಲ್ಲಿಸಿದರು. ಮೈಯ ಲೆಕ್ಕ ಕೆಟ್ಟಿದೆ, ಕಣ್ಣಿನ ಲೆಕ್ಕ ಉಳಿದಿದೆ. ನನ್ನ ಹಾಸಿಗೆಯಲ್ಲಿ ಆಗಿದ್ದಕ್ಕೆ ಸರಿ ಉಲ್ಟಾ.

ಚಿಕಿತ್ಸೆ ಹಿಡಿಯುವುದೂ ಆ ಉಳಿದ ಲೆಕ್ಕವನ್ನೇ. ಫಿಸಿಯೋಥೆರಪಿ ಮಾಡುವವರು ರೋಗಿಯನ್ನು ಬಾಗಿಲ ಎದುರು ಕೂರಿಸಿ, ಚೌಕಟ್ಟು ತೋರಿಸಿ ಕೇಳುತ್ತಾರೆ: ಇದು ನೆಟ್ಟಗಿದೆಯಾ? ಇದೆ. ಹಾಗಾದರೆ ನೀವು? ರೋಗಿ ಚೌಕಟ್ಟು ನೋಡುತ್ತಾರೆ, ತಮ್ಮ ಮೈ ನೋಡಿಕೊಳ್ಳುತ್ತಾರೆ, ಮತ್ತೆ ಚೌಕಟ್ಟು ನೋಡುತ್ತಾರೆ. ಮೈ ಇನ್ನೂ 'ಬೀಳ್ತೀಯ' ಅನ್ನುತ್ತಿರುವಾಗಲೇ, ಇಂಚು ಇಂಚಾಗಿ ಅದರ ನೇರಕ್ಕೆ ಬರಲು ಶುರುಮಾಡುತ್ತಾರೆ.